ಮಾಲೇಗಾಂವಿನ ಮಳೆಯ ಲೆಕ್ಕ

ಜಾಗತಿಕ ಹವಾಗುಣ ಬದಲಾವಣೆಯ ಪಾಠವನ್ನು ಹಿಮಕರಡಿಯ ಚಿತ್ರದಿಂದ ಆರಂಭಿಸುವುದು ಇಂದಿನ ರೂಢಿ. ಗಿರಣಾ ಹಾಗೂ ಮೋಸಮ್ ನದಿಗಳ ದಡದ ಮಾಲೇಗಾಂವಿನ ವಿದ್ಯಾರ್ಥಿಗೆ ಅದಕ್ಕಿಂತ ಸಮೀಪದ ಸಾಮಗ್ರಿಯುಂಟು. ಜೇಮ್ಸ್ ಕ್ಯಾಂಬೆಲ್ಲನ ಸಂಪಾದಕತ್ವದಲ್ಲಿ 1883ರಲ್ಲಿ ಹೊರಬಂದ ನಾಸಿಕ ಗ್ಯಾಜೆಟಿಯರ್ ಈಗ ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯವಿದೆ. ಅದೇ ಮಾಲೆಯಲ್ಲಿ ಮರುವರ್ಷ ಪ್ರಕಟವಾದ ಬಿಜಾಪುರ, ಧಾರವಾಡ ಸಂಪುಟಗಳೂ ಅಲ್ಲಿವೆ. ಹೊರನಾಡ ಕನ್ನಡಿಗನ ಮಗನು ತಾನು ಬೆಳೆದ ಊರಿನ ಮಳೆ, ಬೆಳೆ, ಬರಗಳನ್ನೂ, 1876–78ರ ಮಹಾಕ್ಷಾಮವು ತನ್ನ ಪೂರ್ವಿಕರ ಕಲಾದಗಿ ಜಿಲ್ಲೆಯನ್ನು ಬರಿದುಗೊಳಿಸಿದ ಬಗೆಯನ್ನೂ ಒಂದೆಡೆ ಓದಬಲ್ಲನು.

ಆದರೆ ಕ್ಷಾಮವೇ ಹವಾಗುಣ ಬದಲಾವಣೆಯೆಂದು ಕಲಿಸುವುದು ತಪ್ಪು. 1877ರ ಅನಾವೃಷ್ಟಿಯ ಹಿಂದೆ ಶಾಂತಸಾಗರದ ಪ್ರಬಲ ಎಲ್ ನಿನೋ ಇದ್ದಿತು. ಸಾವುಗಳಿಗೆ ಅಂದಿನ ಸರಕಾರದ ಧಾನ್ಯನೀತಿಯೂ ಹೊಣೆ. ಒಂದು ದಿನದ ಜಮಾಖರ್ಚಿನಿಂದ ಖಾತೆಯ ಸ್ಥಿತಿ ತಿಳಿಯದೆಂಬುದು ಬ್ಯಾಂಕಿನವರಾದ ನಮಗೆ ಹೊಸತಲ್ಲ. ಇಲ್ಲಿ ಬೇಕಾದುದು ದೀರ್ಘಕಾಲದ ಖಾತೆ. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯು ಮಧ್ಯ ಮಹಾರಾಷ್ಟ್ರ, ಉತ್ತರ ಒಳನಾಡು ಕರ್ನಾಟಕ ಮುಂತಾದ ವಿಭಾಗಗಳ 1871ರಿಂದೀಚಿನ ಮಾಸಿಕ ಮಳೆಯ ಅಂಕಿಗಳನ್ನು ಒದಗಿಸಿದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ವಾಯುವಿನ ಇಂಗಾಲಾಮ್ಲವನ್ನು ಅಳೆಯಲಾಗುತ್ತಿದೆ. ಆಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗವಿದ್ದುದು ಈಗ 420ನ್ನು ಮೀರಿದೆ. ವಿದ್ಯಾರ್ಥಿಯು ಎರಡನ್ನೂ ಒಂದೇ ಹಾಳೆಯಲ್ಲಿ ಗೆರೆಯಾಗಿ ಎಳೆಯಲಿ. ಮಳೆಯ ಗೆರೆ ವರ್ಷವರ್ಷವೂ ಏರಿಳಿಯುವುದು. ಇಂಗಾಲಾಮ್ಲದ ಗೆರೆ ಪ್ರತಿ ವರ್ಷ ತುಸು ತೂಗಿದರೂ ಏರುತ್ತಲೇ ಸಾಗುವುದು. ಈ ಭೇದವನ್ನು ವಿವರಿಸುವುದೇ ಅಧ್ಯಾಪಕನ ಕೆಲಸ.

ಅಂಕಿಗಳಿಗೆ ಅನುವಾದ ಬೇಡ. ಅವುಗಳ ಟಿಪ್ಪಣಿಗಳಾದರೋ ಇಂಗ್ಲಿಷಿನಲ್ಲಿವೆ. ಮಾಲೇಗಾಂವಿನ ಮಕ್ಕಳು ಓದುವುದು ಹೆಚ್ಚಾಗಿ ಉರ್ದು, ಮರಾಠಿಗಳಲ್ಲಿ, ವಿಜಾಪುರದವರು ಕನ್ನಡದಲ್ಲಿ.