ಕಾರ್ಡಿಗೆ ‘ಇಲ್ಲ’ ಎನ್ನುವವರಾರು?

ಕ್ರೆಡಿಟ್ ಕಾರ್ಡು ತಿರಸ್ಕೃತವಾದಾಗ ಗಿರಾಕಿ ಅಂಗಡಿಯವನನ್ನು ದಿಟ್ಟಿಸುತ್ತಾನೆ, ಅಂಗಡಿಯವನು ಗಿರಾಕಿಯನ್ನು. ಆದರೆ ‘ಇಲ್ಲ’ ಎಂದದ್ದು ಸಾಮಾನ್ಯವಾಗಿ ಅಲ್ಲಿಲ್ಲದ ಮೂರನೆಯವರು: ಕಾರ್ಡು ಕೊಟ್ಟ ಬ್ಯಾಂಕು. ಈ ಮಾತು ಬ್ಯಾಂಕಿನ ಬಾಯಿಗೆ ಬರಲು ಹದಿನೈದು ವರ್ಷ ಹಿಡಿಯಿತು.

1958ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಆಫ್ ಅಮೆರಿಕಾ, ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದ ಸುಮಾರು 60 ಸಾವಿರ ಮಂದಿಗೆ ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿತು. ಬೇಕೆಂದು ಯಾರೂ ಕೇಳಿರಲಿಲ್ಲ! ಯೋಜನೆ ರಾಜ್ಯದ ಇತರೆಡೆ ಹಬ್ಬಿದಾಗ ಬಾಕಿದಾರರು ಶೇ 4ರಷ್ಟಿರಬಹುದೆಂಬ ಲೆಕ್ಕ ತಲೆಕೆಳಗಾಗಿ ಶೇ 22ಕ್ಕೆ ಮುಟ್ಟಿತು. ಕದ್ದ ಕಾರ್ಡುಗಳ ಹಾವಳಿ ಬೇರೆ.

ಆಗ ಅಂಗಡಿಯವನಿಗಿದ್ದ ಆಸರೆ ಎರಡೇ. ಒಂದು, ರದ್ದಾದ ಕಾರ್ಡುಗಳ ಸಂಖ್ಯೆಗಳನ್ನು ಅಚ್ಚು ಹಾಕಿದ ಪಟ್ಟಿ, ಇನ್ನೊಂದು, ಟೆಲಿಫೋನು. ಗೊತ್ತುಪಡಿಸಿದ ಮೊತ್ತದೊಳಗಿನ ವ್ಯಾಪಾರಕ್ಕೆ ಯಾರ ಅಪ್ಪಣೆಯೂ ಬೇಡ. ಮೀರಿದರೆ ಮಾತ್ರ ಫೋನು ಮಾಡಿ, ಉತ್ತರಕ್ಕಾಗಿ ಕಾಯಬೇಕು. ಪರ ಊರಿನ ಬ್ಯಾಂಕಿನ ಕಾರ್ಡಾದರೆ ಈ ಕೇಂದ್ರದವರು ಆ ಕೇಂದ್ರಕ್ಕೆ ಫೋನು ಮಾಡಬೇಕು. ಹಿಂದೆ ಸರತಿ ಬೆಳೆಯುತ್ತಿದ್ದರೆ ಯಾವ ವ್ಯಾಪಾರಿಗೆ ಅಷ್ಟು ತಾಳ್ಮೆ? ಮಿತಿಯೊಳಗೇ ಕೊಳ್ಳುವ ಕಳ್ಳನಿಗಂತೂ ಸುಗ್ಗಿ.

ಮುಂದೆ 1976ರಲ್ಲಿ ‘ವೀಸಾ’ ಎಂದು ಹೆಸರು ಬದಲಿಸಿಕೊಂಡ ಬ್ಯಾಂಕುಗಳ ಒಕ್ಕೂಟ, ಡೀ ಹಾಕ್ ಅವರ ನೇತೃತ್ವದಲ್ಲಿ 1973ರಲ್ಲಿ ಈ ಕೆಲಸವನ್ನು ಕಂಪ್ಯೂಟರ್ ಜಾಲಕ್ಕೆ ಒಪ್ಪಿಸಿತು. ಹಲವು ನಿಮಿಷಗಳ ಕಾಯುವಿಕೆ ಒಂದು ನಿಮಿಷದೊಳಕ್ಕೆ ಇಳಿಯಿತು.

ಯಂತ್ರದ ಉತ್ತರ ಎರಡಂಕಿಯ ಸಂಕೇತ. 51 ಎಂದರೆ ಹಣ ಅಥವಾ ಸಾಲದ ಮಿತಿ ಸಾಲದು. 54 ಎಂದರೆ ಕಾರ್ಡಿನ ಅವಧಿ ಮುಗಿದಿದೆ. ಎಲ್ಲಕ್ಕಿಂತ ಗೂಢವಾದದ್ದು 05: ‘ಮಾನ್ಯ ಮಾಡಬೇಡಿ’, ಅಷ್ಟೇ. ಕಾರಣವಿಲ್ಲ. ಕಳ್ಳನಿಗೆ ಸುಳಿವು ಸಿಗಬಾರದೆಂಬುದು ಸರಿಯೇ. ಆದರೆ ಸಾಚಾ ಗಿರಾಕಿಯೂ ಕತ್ತಲಲ್ಲೇ ಉಳಿಯುತ್ತಾನೆ. ಅಂಗಡಿಯವನೊಡನೆ ಜಗಳವಾಡಿ ಫಲವಿಲ್ಲ, ಅವನಿಗೂ ತಿಳಿದಿರುವುದಿಲ್ಲ. ಮತ್ತೆ ಮತ್ತೆ ಉಜ್ಜಿದರೆ ಬ್ಯಾಂಕಿನ ಅನುಮಾನ ಹೆಚ್ಚೀತು. ಕಾರ್ಡಿನ ಬೆನ್ನಿಗಿರುವ ಸಂಖ್ಯೆಗೆ ಫೋನು ಮಾಡುವುದೇ ಸರಿದಾರಿ.

ನಮ್ಮಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ಕ್ರೆಡಿಟ್ ಕಾರ್ಡು ತಂದಿತು. ಭಾರತೀಯರ ‘ಇಲ್ಲ’ಗಳಿಗೆ ರಿಸರ್ವ್ ಬ್ಯಾಂಕಿನ ನಿಯಮಗಳೂ ಕಾರಣ. 2009ರಿಂದ ಆನ್‌ಲೈನ್ ಪಾವತಿಗೆ ಹೆಚ್ಚುವರಿ ದೃಢೀಕರಣ ಬೇಕಾಯಿತು. 2020ರ ನಿಯಮದಂತೆ ಹೊಸ ಕಾರ್ಡು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಷ್ಟೇ ನಡೆಯುತ್ತದೆ. ಆನ್‌ಲೈನ್, ವಿದೇಶಿ ಬಳಕೆಯನ್ನು ನಾವೇ ತೆರೆದುಕೊಳ್ಳಬೇಕು. ಹೊಸ ಕಾರ್ಡು ಕೈಕೊಟ್ಟರೆ ಮೊದಲು ನೋಡಬೇಕಾದದ್ದು ಇದನ್ನೇ. 2021ರ ಅಕ್ಟೋಬರ್ 1ರಂದು, ಹೊಸದಾಗಿ ಒಪ್ಪಿಗೆ ನೋಂದಾಯಿಸದ ತಿಂಗಳ ಕಂತುಗಳು ದೇಶದಾದ್ಯಂತ ನಿಂತುಹೋದವು.

ಹಣ ಕಡಿತವಾಗಿಯೂ ಅಂಗಡಿಗೆ ಖಾತರಿ ತಲುಪದಿದ್ದರೆ? 2019ರ ಸುತ್ತೋಲೆಯ ಪ್ರಕಾರ ವ್ಯವಹಾರ ನಡೆದ ಐದು ದಿನಗಳೊಳಗೆ ಅದು ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.