ಬೆಲ್ಲದ ಸೀಮೆಯಲ್ಲಿ ಇರುವೆಯ ನಿಗ್ರಹ

ಆಲೆಮನೆಯ ಕೊಪ್ಪರಿಗೆಯಿಂದ ಇಳಿದು, ಅಚ್ಚಿನಲ್ಲಿ ಘನೀಭವಿಸಿ, ಮನೆಯ ಅಟ್ಟವನ್ನು ಸೇರಿದ ಬೆಲ್ಲವನ್ನು ವರ್ಷಾವಧಿ ಇರುವೆಯ ಬಾಯಿಂದ ಕಾಪಾಡುವುದೆಂದರೆ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಬ್ಬಿನ ಸೀಮೆಯಲ್ಲಿ, ಹೊಳಲಿನಂತಹ ಊರುಗಳ ಗೃಹಿಣಿಯರಿಗೆ, ಬೆಲ್ಲ ಕಾಯಿಸುವುದಕ್ಕಿಂತ ಕಡಿಮೆಯ ಶ್ರಮವೇನೂ ಆಗಿರಲಿಲ್ಲ. ಈ ಸೀಮೆಗೆ ಸಿಹಿಯ ಹೆಸರನ್ನು ತಂದ ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಸ್ಥಾಪಿತವಾಗಲು ದುಡಿದವರಲ್ಲಿ ಪ್ರಮುಖರಾದ ಲೆಸ್ಲಿ ಕೋಲ್ಮನ್ ಅವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು ಬೂಷ್ಟು ಮತ್ತು ಕೀಟಗಳ ತಜ್ಞರಾಗಿ ಎಂಬುದನ್ನು ನೆನೆದಾಗ ನನಗೆ ನಗು ಬರುವುದುಂಟು. ಕೀಟವನ್ನು ಬಲ್ಲವರೇ ಸಕ್ಕರೆಯನ್ನು ತಂದರು; ಆದರೆ ಶಾಸ್ತ್ರಜ್ಞರ ಲಕ್ಷ್ಯವೆಲ್ಲ ಹೊಲ, ತೋಟಗಳ ಮೇಲಿದ್ದುದರಿಂದ ಅಡುಗೆಮನೆಯ ಇರುವೆ ಬಹುಕಾಲ ಅಜ್ಜಿಯರ ಪಾಲಿಗೇ ಉಳಿಯಿತು.

ಅಜ್ಜಿಯರದು ದೂರವಿಡುವ ಶಾಸ್ತ್ರ. ಬೆಣ್ಣೆ, ತುಪ್ಪಗಳು ನೆಲುವನ್ನೇರುತ್ತಿದ್ದುವು. ಬೀರುವಿನ ನಾಲ್ಕು ಕಾಲುಗಳೂ ನೀರಿನ ಬಟ್ಟಲುಗಳಲ್ಲಿ ನಿಲ್ಲುತ್ತಿದ್ದುವು. ಗೋಡೆಯ ಬಿರುಕಿಗೆ ಅರಿಶಿನ, ತೊಟ್ಟಿಲ ಹಗ್ಗಕ್ಕೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ. ಇವೆಲ್ಲಕ್ಕೂ ಭಿನ್ನವಾಗಿ, ಹೊಸಿಲ ಮುಂದೆ ಅಕ್ಕಿಹಿಟ್ಟಿನ ರಂಗವಲ್ಲಿ. "ಬಾಗ್ಲಲ್ಲೇ ಉಂಡ್ರೆ ಒಳಿಕ್ಯಾಕ್ ಬಂದಾವು ಮಗಾ?" ಎಂದು ನಮ್ಮ ಅಜ್ಜಿ ಕೇಳುತ್ತಿದ್ದರು. ಇರುವೆಗಳು ಈ ತರ್ಕವನ್ನು ಪೂರ್ಣವಾಗಿ ಮನ್ನಿಸಿದ್ದನ್ನು ನಾನು ಕಂಡಿಲ್ಲವಾದರೂ, ಆಹಾರವೇ ಒಂದು ಉಪಾಯವಾಗಬಲ್ಲದೆಂಬ ಆ ಮಾತಿನ ತಿರುಳು ಎಷ್ಟೋ ಕಾಲದ ಮೇಲೆ, ಬೇರೊಂದು ವೇಷದಲ್ಲಿ, ಪ್ರಯೋಗಶಾಲೆಯಿಂದ ಹೊರಬಂದಿತು.

ಅತ್ತ ವಿದ್ವಾಂಸರು ಇರುವೆಗಳಿಗೆ ಹೆಸರಿಡುವ ಕಾರ್ಯದಲ್ಲಿ ತೊಡಗಿದ್ದರು. ದಕ್ಷಿಣ ಭಾರತದ ಇರುವೆಗಳ ಪಟ್ಟಿಯೊಂದನ್ನು ಜೆರ್ಡನ್ 1851ರಲ್ಲಿ ಮದರಾಸಿನ ನಿಯತಕಾಲಿಕದಲ್ಲಿ ಪ್ರಕಟಿಸಿದನು. ಬಿಂಗ್‌ಹ್ಯಾಮ್‌ನ ಬೃಹತ್ ಗ್ರಂಥ 1903ರಲ್ಲಿ ಬಂದಿತು. ನಮ್ಮ ಕಾಲದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಮುಸ್ತಾಕ್ ಅಲಿಯವರು ಆ ಪರಂಪರೆಯನ್ನು ಮುಂದುವರಿಸಿದರು. ಗೊದ್ದ, ಕಟ್ಟಿರುವೆ, ಕೆಂಜಿಗಗಳೆಂದು ನಮ್ಮ ಜನ ಮೊದಲೇ ವಿಂಗಡಿಸಿದ್ದರಷ್ಟೆ. ಆದರೆ ಮನೆಯನ್ನು ನಿಜವಾಗಿ ಕಾಡುವ ಅತಿಸಣ್ಣ ಜಾತಿಗಳು ಆಡುಮಾತಿನಲ್ಲಿ ಬರಿಯ 'ಇರುವೆ'ಯಾಗಿಯೇ ಉಳಿದುವು. ಈ ಅಲಕ್ಷ್ಯದ ಬೆಲೆ ಮುಂದೆ ತೆರಬೇಕಾಯಿತು.

ಎರಡನೆಯ ಮಹಾಯುದ್ಧದ ತರುವಾಯ ಪುಡಿಯ ಯುಗವು ಆರಂಭವಾಯಿತು. ಡಿ.ಡಿ.ಟಿ.ಯ ಕೀಟಘ್ನ ಗುಣವನ್ನು 1939ರಲ್ಲಿ ಕಂಡುಹಿಡಿದ ಪೌಲ್ ಮುಲ್ಲರ್‌ನಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹಳ್ಳಿಯ ಅಂಗಡಿಗಳಿಗಾದರೋ ಹೆಚ್ಚಾಗಿ ತಲುಪಿದ್ದು ಬಿ.ಎಚ್.ಸಿ., ಅಂದರೆ ಜನರ ಬಾಯಲ್ಲಿ 'ಗ್ಯಾಮಾಕ್ಸಿನ್'. ಅದರ ಕಮಟು ವಾಸನೆ ಅಡುಗೆಮನೆಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಅದು ಶುಚಿತ್ವದ ಲಕ್ಷಣವೆಂದೇ ನಾವೆಲ್ಲ ಭಾವಿಸಿದ್ದೆವು. ಮಣ್ಣಿನಲ್ಲಿಯೂ ಹಾಲಿನಲ್ಲಿಯೂ ಅಳಿಯದೆ ಉಳಿಯುವ ಈ ವಿಷವು ಭಾರತದಲ್ಲಿ 1997ರಲ್ಲಿ ನಿಷಿದ್ಧವಾಯಿತು. ಅಷ್ಟರೊಳಗೆ, ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್‌ನ ತಂಡವು 1970ರ ದಶಕದಲ್ಲಿ ಸಂಶ್ಲೇಷಿಸಿದ ಪೈರೆಥ್ರಾಯ್ಡ್‌ಗಳು ಸೀಮೆಸುಣ್ಣದ ಕಡ್ಡಿಯ ರೂಪವನ್ನು ತಾಳಿ, 'ಲಕ್ಷ್ಮಣರೇಖೆ' ಎಂಬ ಬಹು ಯುಕ್ತವಾದ ಹೆಸರಿನಿಂದ ಮನೆಮನೆಯ ಗೋಡೆಗಳನ್ನು ಸೇರಿದ್ದುವು.

ಪುಡಿಯೂ ಗೆರೆಯೂ ಸೋತದ್ದು ಒಂದೇ ಕಾರಣದಿಂದ. ನಾವು ನೋಡುವ ಇರುವೆಯ ಸಾಲು ಗೂಡಿನ ಅಲ್ಪಾಂಶ ಮಾತ್ರ. ರಾಣಿಯೂ ಮರಿಗಳೂ ನೆಲದಡಿಯಲ್ಲೋ ಗೋಡೆಯ ಸಂದಿನಲ್ಲೋ ಸುರಕ್ಷಿತವಾಗಿರುವಾಗ, ಸಾಲನ್ನು ಕೊಂದದ್ದು ಮರದ ಎಲೆಯನ್ನು ತರಿದಂತೆ. ಅದಕ್ಕಿಂತ ವಿಪರೀತವಾದ ಸಂಗತಿಯೆಂದರೆ, ಜೇನಿನ ಬಣ್ಣದ ಫೇರೋ ಇರುವೆ ಮತ್ತು ಕಪ್ಪುತಲೆಯ, ಬಿಳುಚಿದ ಹಿಂಬದಿಯ, ಕಂಡೂ ಕಾಣದ ಭೂತ ಇರುವೆ, ಇವುಗಳ ಗೂಡಿನಲ್ಲಿ ರಾಣಿಯರು ಹಲವರು. ತೀಕ್ಷ್ಣವಾದ ಔಷಧವನ್ನು ಸಿಂಪಡಿಸಿದೊಡನೆ ಇಂತಹ ಗೂಡು ಒಡೆದು, ಹಿಸ್ಸೆಯಾದ ಅವಿಭಕ್ತ ಕುಟುಂಬದಂತೆ, ಒಂದಿದ್ದದ್ದು ನಾಲ್ಕಾಗಿ ಹರಡಿಕೊಳ್ಳುತ್ತದೆ. ಹೆಸರು ತಿಳಿಯದೆ ಹೊಡೆದವನು ಇರುವೆಯನ್ನು ತಾನೇ ಬೆಳೆಸಿದಂತಾಗುತ್ತದೆ.

ಈ ವಿದ್ಯೆ ಮುಂದುವರಿದದ್ದು ವಿಷವು ಮಂದವಾದಂತೆ ಎಂದು ನಾನು ತಿಳಿದಿದ್ದೇನೆ. ಇರುವೆಗಳು ಆಹಾರವನ್ನು ಬಾಯಿಂದ ಬಾಯಿಗೆ ಹಂಚಿಕೊಳ್ಳುತ್ತವೆ. ಬೆಳೆದ ಇರುವೆ ಗಟ್ಟಿ ಪದಾರ್ಥವನ್ನು ನುಂಗಲಾರದು, ಅದು ಮರಿಗಳಿಗೆ ಸಲ್ಲುತ್ತದೆ. ಆದುದರಿಂದ ತಿಂದವನನ್ನು ಕೂಡಲೇ ಕೊಲ್ಲದೆ, ಗೂಡಿನ ಆಳದವರೆಗೆ ಪಯಣಿಸಲು ಎರಡು ಮೂರು ದಿನಗಳ ಅವಕಾಶವನ್ನು ಕೊಡುವ, ಆದರೆ ಹಂಚಿ ಹಂಚಿ ತೆಳುವಾದರೂ ಶಕ್ತಿಗುಂದದ ವಿಷ ಬೇಕಾಯಿತು. ಮಂದವೆಂದ ಮಾತ್ರಕ್ಕೆ ಅದು ನಿರಪಾಯವೆಂದಲ್ಲ: ಅಮೆರಿಕದ ಬೆಂಕಿ ಇರುವೆಗಳಿಗಾಗಿ 1960ರ ದಶಕದಲ್ಲಿ ವಿಮಾನಗಳಿಂದ ಎರಚಿದ ಮೈರೆಕ್ಸ್ ಪ್ರಕೃತಿಯಲ್ಲಿ ಅಳಿಯದೆ ಉಳಿದು, ದಶಕವೊಂದು ಕಳೆದ ಮೇಲೆ ತಾನೇ ಬಹಿಷ್ಕೃತವಾಯಿತು. 1980ರಲ್ಲಿ ಅದರ ಸ್ಥಾನಕ್ಕೆ ಹೈಡ್ರಾಮೆಥಿಲ್‌ನಾನ್ ಬಂದಿತು. ಆಮೇಲೆ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್‌ಗಳ ಜೆಲ್. ಸಕ್ಕರೆ ಪಾಕದಲ್ಲಿ ಬೋರಿಕ್ ಆಮ್ಲವನ್ನು ಕದಡುವ ಹಳೆಯ ಯೋಗವೂ ಇದೇ ತತ್ತ್ವದ್ದು. ಅಲ್ಲಿಯೂ ಆಮ್ಲ ಹೆಚ್ಚಾದರೆ ಕೆಲಸ ಕೆಡುತ್ತದೆ.

ವೃತ್ತಿಯಾಗಿ ಕೀಟನಿಗ್ರಹವು ನಮ್ಮ ದೇಶದಲ್ಲಿ ನೆಲೆಗೊಂಡದ್ದು ಮುಂಬಯಿಯಲ್ಲಿ 1954ರಲ್ಲಿ ಪೆಸ್ಟ್ ಕಂಟ್ರೋಲ್ ಇಂಡಿಯಾದಂತಹ ಸಂಸ್ಥೆಗಳು ತಲೆಯೆತ್ತಿದಂದಿನಿಂದ. 1968ರ ಕೀಟನಾಶಕ ಕಾಯಿದೆಯ ಅಡಿಯಲ್ಲಿ ರಚಿತವಾದ ನಿಯಮಗಳು ಈ ವೃತ್ತಿಗೆ ಪರವಾನಗಿಯನ್ನು ವಿಧಿಸಿದುವು. ಪದವಿಯ ಜೊತೆಗೆ ಕನಿಷ್ಠ 15 ದಿನಗಳ ತರಬೇತಿ ಬೇಕು, ಅದನ್ನು ನೀಡಬಲ್ಲ ಸಂಸ್ಥೆಗಳಲ್ಲೊಂದು ಮೈಸೂರಿನ ಚೆಲುವಾಂಬ ಮಹಲಿನಲ್ಲಿರುವ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಮಂಡ್ಯದವರಿಗೆ ರೈಲಿನಲ್ಲಿ ಒಂದು ಗಂಟೆಯ ಹಾದಿ.

ಈ ಕಡೆಯ ಬಂಧುಗಳೊಬ್ಬರ ಮನೆಗೆ ಅಂತಹ ಒಬ್ಬ ಯುವಕನು ಬಂದಾಗ ನಾನೂ ಅಲ್ಲಿದ್ದೆ. ಒಳಗೆ ಬಂದವನು ಚೀಲವನ್ನು ಬಿಚ್ಚದೆ, ಇರುವೆಯ ಸಾಲನ್ನು ಹಿಂಬಾಲಿಸುತ್ತ ಕಿಟಕಿಯನ್ನೂ ಸೂರನ್ನೂ ದಾಟಿ ಹಿತ್ತಲಿಗೆ ನಡೆದನು. ನಿಂಬೆಯ ಗಿಡದ ಚಿಗುರುಗಳಲ್ಲಿ ಹಿಟ್ಟು ತಿಗಣೆ ಬಿಳಿಯಾಗಿ ಕವಿದಿತ್ತು. ಅದು ಸ್ರವಿಸುವ ಸಿಹಿಗಾಗಿ ಇರುವೆಗಳು ಅದನ್ನು ದನ ಕಾದಂತೆ ಕಾಯುತ್ತಿದ್ದುವು. ಗಿಡದ ಒಂದು ಕೊಂಬೆ ಹೆಂಚಿಗೆ ತಾಗಿಕೊಂಡಿತ್ತು. ಯುವಕನು ಆ ಕೊಂಬೆಯನ್ನು ಕಡಿಸಿ, ತಿಗಣೆ ಹತ್ತಿದ ಚಿಗುರುಗಳನ್ನು ಕೀಳಿಸಿ, ಬುಡಕ್ಕೆ ಅಂಟಿನ ಪಟ್ಟಿಯನ್ನು ಸುತ್ತಿ, ಒಳಗೆ ಮೂರು ಕಡೆ ಮಾತ್ರ ಸಾಸಿವೆ ಗಾತ್ರದ ಜೆಲ್ ಇಟ್ಟು, ನಾಲ್ಕು ದಿನ ಗೋಡೆಯನ್ನು ಒರೆಸಬೇಡಿರೆಂದು ಹೇಳಿ ಕೈತೊಳೆದುಕೊಂಡನು. ಮನೆಯ ಯಜಮಾನರು ಅವನಿಗೆ ಹಣವನ್ನು ಎಣಿಸಿ ಕೊಟ್ಟರಾದರೂ, ಅವನು ಬೈಕು ಹತ್ತಿ ಹೋದ ಮೇಲೆ ನನ್ನ ಕಡೆ ತಿರುಗಿ, "ಒಂಚೂರೂ ವಾಸ್ನೆನೇ ಬರ್ಲಿಲ್ವಲ್ಲ ಸ್ವಾಮಿ" ಎಂದರು.