ಮೈಸೂರು ಮೋಜಣಿಯ ಬಹುಭಾಷಾ ಬಳಗ ಮತ್ತು ಮಲೆಯೂರಿನ ಇಬ್ಬರು ವಿದ್ವಾಂಸರು

ಬೇರೆ ಬೇರೆ ದೇಶಗಳಲ್ಲಿ ಹುಟ್ಟಿ, ಬೇರೆ ಬೇರೆ ಭಾಷೆಗಳನ್ನಾಡುವ ಜನರು ಒಬ್ಬರಿಂದೊಬ್ಬರು ದೂರವಿದ್ದುಕೊಂಡೇ ಒಂದು ಕಾರ್ಯವನ್ನು ಕೂಡಿ ನಡೆಸುವುದು ನಮ್ಮ ಕಾಲದ ವಿಶೇಷವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ನಮ್ಮ ಕಾಲೇಜುಗಳಿಂದ ಹೊರಬಿದ್ದ ಎಷ್ಟೋ ವಿದ್ಯಾರ್ಥಿಗಳು ಇಂದು ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು, ತಾವು ಎಂದೂ ಮುಖತಃ ಕಾಣದ ಪರದೇಶದ ಸಹೋದ್ಯೋಗಿಗಳೊಡನೆ ಕೆಲಸ ಮಾಡುತ್ತಿರುವುದರಿಂದ ಈ ಭಾವನೆ ಮತ್ತಷ್ಟು ಬಲಗೊಂಡಿದೆ. ಆದರೆ ಇಂತಹ ವ್ಯವಸ್ಥೆಯೊಂದು ಇನ್ನೂರು ವರ್ಷಗಳಿಗೂ ಹಿಂದೆಯೇ ಮೈಸೂರು ಸೀಮೆಯಲ್ಲಿ ನಡೆದಿತ್ತು. ಅದರಲ್ಲಿ ಈಗಿನ ಚಾಮರಾಜನಗರದ ಸಮೀಪದ ಮಲೆಯೂರಿನವರಿಗೂ ಪಾಲಿತ್ತು. ಕಾಲಿನ್ ಮೆಕೆಂಜಿಯ ಮೈಸೂರು ಮೋಜಣಿಯೇ ಆ ವ್ಯವಸ್ಥೆ. ಆ ಬಳಗವು ಹೇಗೆ ಒಂದಾಗಿ ನಿಂತಿತು, ಅದರ ಫಲದಲ್ಲಿ ಯಾರ ಹೆಸರು ಉಳಿಯಿತು, ಯಾರದು ಅಳಿಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೧. ಕಾರ್ಯ ಮತ್ತು ಕಾರ್ಯಕ್ಷೇತ್ರ

೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಟಿಪ್ಪುವಿನ ರಾಜ್ಯವನ್ನು ಈಸ್ಟ್ ಇಂಡಿಯಾ ಕಂಪನಿ, ಹೈದರಾಬಾದಿನ ನಿಜಾಮ ಮತ್ತು ಮೈಸೂರಿನ ಒಡೆಯರ ನಡುವೆ ಹಂಚಲಾಯಿತು. ಹಂಚಿಕೆಯಾದ ಭೂಮಿಯ ಎಲ್ಲೆಗಳನ್ನು ಕಾಗದದ ಮೇಲೆ ಬರೆದದ್ದಾಯಿತೇ ಹೊರತು, ನೆಲದ ಮೇಲೆ ಅವು ಎಲ್ಲಿ ಬೀಳುತ್ತವೆ ಎಂಬುದನ್ನು ಬಲ್ಲವರು ವಿರಳ. ಆದಕಾರಣ ಅದೇ ವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯು ಮೈಸೂರು ಸೀಮೆಯ ಮೋಜಣಿಯನ್ನು ಮೆಕೆಂಜಿಗೆ ವಹಿಸಿದನು. ೧೮೦೦ರಲ್ಲಿ ಪ್ರಾರಂಭವಾದ ಕೆಲಸವು ಆ ದಶಕದ ಬಹುಭಾಗವನ್ನು ತೆಗೆದುಕೊಂಡು, ಸುಮಾರು ೪೦,೦೦೦ ಚದರ ಮೈಲಿಗಳಷ್ಟು ಪ್ರದೇಶವನ್ನು ವ್ಯಾಪಿಸಿತು.

ಈ ಪ್ರದೇಶದ ದಕ್ಷಿಣ ಅಂಚನ್ನು ನೋಡಿದರೆ ಕೆಲಸದ ತೊಡಕು ಅರ್ಥವಾಗುತ್ತದೆ. ಗುಂಡ್ಲುಪೇಟೆ ಮೈಸೂರಿಗೆ ಸೇರಿತ್ತು. ಪೂರ್ವಕ್ಕಿದ್ದ ಕೊಳ್ಳೇಗಾಲವು ಕಂಪನಿಯ ಆಡಳಿತಕ್ಕೆ ಹೋಗಿ, ೧೯೫೬ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿಯೇ ಉಳಿಯಿತು. ಪಶ್ಚಿಮದ ವಯನಾಡು ಮೊದಲು ಮೈಸೂರಿನ ಪಾಲಿಗೆ ಬಂದು, ೧೮೦೩ರ ಪೂರಕ ಒಪ್ಪಂದದಿಂದ ಕಂಪನಿಗೆ ಸೇರಿತು. ಅಲ್ಲಿ ಪಳಶ್ಶಿರಾಜನ ಹೋರಾಟವು ೧೮೦೫ರ ನವೆಂಬರಿನಲ್ಲಿ ಅವನು ಮಡಿಯುವವರೆಗೂ ನಡೆದೇ ಇತ್ತು. ಕನ್ನಡ, ತಮಿಳು, ಮಲೆಯಾಳ ಈ ಮೂರೂ ಕೂಡುವ ಸೀಮೆ ಇದು.

ಊರುಗಳ ಹೆಸರುಗಳೂ ಸ್ಥಿರವಾಗಿರಲಿಲ್ಲ. ಇಂದಿನ ಚಾಮರಾಜನಗರವು ಆಗ ಅರಿಕುಠಾರ; ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯು ಹುಟ್ಟಿದ ಊರೆಂಬ ಕಾರಣದಿಂದ ೧೮೧೮ರಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟರು. ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಊರಿನ ಸ್ಥಾನವನ್ನು ಅಳತೆಯ ಉಪಕರಣವು ಹೇಳಬಲ್ಲದು. ಆದರೆ ಶಾಸನದ ವಿಜಯಪುರವೇ ಸಂತೆಯ ಗುಂಡ್ಲುಪೇಟೆ ಎಂಬುದನ್ನು ಹೇಳಲು ಶಾಸನವನ್ನೋದುವವನು ಬೇಕು, ಆ ಊರಿನ ಹಿರಿಯನೂ ಬೇಕು. ಮೋಜಣಿಯ ಬಳಗವು ಬಹುಭಾಷೆಯದಾಗಲು ಇದೇ ಮೂಲ ಕಾರಣವೆಂದು ನಾವು ಭಾವಿಸುತ್ತೇವೆ.

೨. ಬಳಗ

ಮೆಕೆಂಜಿಯು ಸ್ಕಾಟ್ಲೆಂಡಿಗೆ ಸೇರಿದ ಲೂಯಿಸ್ ದ್ವೀಪದಲ್ಲಿ ೧೭೫೪ರಲ್ಲಿ ಹುಟ್ಟಿ, ೧೭೮೩ರಲ್ಲಿ ಮದರಾಸಿಗೆ ಬಂದವನು. ಮೋಜಣಿಗೆ ವೈದ್ಯನೂ ಪ್ರಕೃತಿ ವಿಜ್ಞಾನಿಯೂ ಆಗಿ ನೇಮಕಗೊಂಡ ಬೆಂಜಮಿನ್ ಹೈನೆ ಜರ್ಮನಿಯ ಸ್ಯಾಕ್ಸನಿಯವನು. ತರಂಗಂಬಾಡಿಯ ಮೂಲಕ ಕಂಪನಿಯ ಸೇವೆಗೆ ಬಂದವನು. ಅವನ ತರುವಾಯ ಬಂದ ಜಾನ್ ಲೇಡನ್ ಸ್ಕಾಟ್ಲೆಂಡಿನ ಕವಿ, ಬಹುಭಾಷಾ ಪ್ರವೀಣ. ಜಾನ್ ವಾರೆನ್ ಫ್ರೆಂಚ್ ಮನೆತನದವನು. ಕೋಲಾರದ ಸೀಮೆಯ ಚಿನ್ನದ ಕುರುಹುಗಳನ್ನು ೧೮೦೨ರಲ್ಲಿ ಶೋಧಿಸಿದವನು ಇವನೇ. ಜಾನ್ ಮೇಥರ್ ಬಾರಾಮಹಲಿನಲ್ಲಿ ಅಳತೆಯ ಅನುಭವವನ್ನು ಪಡೆದು ಬಂದಿದ್ದನು.

ಭಾರತೀಯರಲ್ಲಿ ಮುಖ್ಯರು ಏಲೂರಿನ ಕಾವಲಿ ಸಹೋದರರು. ಅವರಲ್ಲಿ ವೆಂಕಟ ಬೊರ್ರಯ್ಯನು ಸಂಸ್ಕೃತ, ತೆಲುಗು, ಪಾರಸಿ, ಇಂಗ್ಲಿಷುಗಳನ್ನು ಬಲ್ಲವನಾಗಿದ್ದು, ೧೮೦೩ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಅವನ ಸ್ಥಾನಕ್ಕೆ ತಮ್ಮನಾದ ವೆಂಕಟ ಲಕ್ಷ್ಮಯ್ಯನು ಬಂದನು. ಇವರೊಡನೆ ಬೇರೆ ಬೇರೆ ಸೀಮೆಗಳಲ್ಲಿ ಸಂಚರಿಸುತ್ತಿದ್ದ ಸಂಗ್ರಾಹಕರು, ಮರಾಠಿ ಲೆಕ್ಕಪತ್ರಗಳನ್ನು ಬಲ್ಲ ಗುಮಾಸ್ತರು ಮತ್ತು ಹಳಗನ್ನಡ ಶಾಸನಗಳನ್ನು ಓದಬಲ್ಲ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನು ಇದ್ದರು.

ಇಂತಹ ಬಳಗದ ಯಜಮಾನನಿಗೆ ದೇಶಭಾಷೆಗಳು ಬರುತ್ತಿರಲಿಲ್ಲ. ೧೮೧೭ರಲ್ಲಿ ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್ನನಿಗೆ ಬರೆದ ಪತ್ರದಲ್ಲಿ ಮೆಕೆಂಜಿಯು ಇದನ್ನು ತಾನಾಗಿ ಒಪ್ಪಿಕೊಂಡು, ಈ ದೇಶದ ವಿದ್ಯೆಯ ಬಾಗಿಲು ತನಗೆ ತೆರೆದದ್ದು ಬೊರ್ರಯ್ಯನ ಪರಿಚಯದಿಂದಲೇ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದಾನೆ. ಅಧಿಕಾರವು ಒಬ್ಬನಲ್ಲಿ, ಭಾಷೆಯು ಇನ್ನೊಬ್ಬನಲ್ಲಿ, ತಿಳಿವಳಿಕೆಯು ಮತ್ತೊಬ್ಬನಲ್ಲಿ: ಇದೇ ಈ ಬಳಗದ ಸ್ವರೂಪ.

೩. ನಡೆಸಿದ ಬಗೆ

ಹೀಗೆ ಚದುರಿದ್ದವರನ್ನು ಒಂದುಗೂಡಿಸಿದ್ದು ಯಾವುದು? ದಾಖಲೆಗಳಿಂದ ಮೂರು ಸಂಗತಿಗಳು ಕಾಣಬರುತ್ತವೆ.

ಮೊದಲನೆಯದು, ಕೇಳಬೇಕಾದ ಪ್ರಶ್ನೆಗಳ ಏಕರೂಪತೆ. ಯಾವ ಸೀಮೆಗೆ ಹೋದರೂ ಅರಸರ ವಂಶಾವಳಿ, ದೇವಸ್ಥಾನ, ಶಾಸನ, ಊರಿನ ಉತ್ಪತ್ತಿ, ಜನರ ಆಚಾರ ಇವುಗಳನ್ನೇ ವಿಚಾರಿಸಬೇಕಾಗಿತ್ತು. ಕೈಫಿಯತ್ತುಗಳೆಂದು ಪ್ರಸಿದ್ಧವಾದ ಸ್ಥಳವೃತ್ತಾಂತಗಳು ಬೇರೆ ಬೇರೆ ಕೈಗಳಿಂದ ಬರೆಯಲ್ಪಟ್ಟರೂ ಒಂದೇ ಜಾಡಿನಲ್ಲಿ ಸಾಗುವುದು ಈ ಕಾರಣದಿಂದಲೇ. ಎರಡನೆಯದು, ವರದಿಯ ನಿಯಮ. ಸಂಗ್ರಾಹಕರು ತಾವು ಹೋದ ಊರು, ಕಂಡ ಜನ, ದೊರೆತ ಕಾಗದ, ದೊರೆಯದ ಕಾಗದ ಇವುಗಳನ್ನು ದಿನಚರಿಯಾಗಿಯೂ ತಿಂಗಳ ವರದಿಯಾಗಿಯೂ ಬರೆದು ಕಳುಹಿಸುತ್ತಿದ್ದರು. ಈ ಪತ್ರವ್ಯವಹಾರವನ್ನು ನಡೆಸುತ್ತಿದ್ದ ಲಕ್ಷ್ಮಯ್ಯನ ಕೈಯಲ್ಲಿಯೇ ಎಲ್ಲ ಎಳೆಗಳೂ ಕೂಡುತ್ತಿದ್ದವು. ಮೆಕೆಂಜಿಯು ೧೮೧೧ರಿಂದ ಸುಮಾರು ಎರಡು ವರ್ಷ ಜಾವಾ ದ್ವೀಪದಲ್ಲಿದ್ದಾಗಲೂ ಸಂಗ್ರಹವು ನಿಲ್ಲದೆ ಸಾಗಿದ್ದು ಈ ಏರ್ಪಾಡಿನ ಬಲಕ್ಕೆ ಸಾಕ್ಷಿ.

ಮೂರನೆಯದು, ಮತ್ತು ನಮ್ಮ ದೃಷ್ಟಿಯಲ್ಲಿ ಅತಿಮುಖ್ಯವಾದುದು, ನಂಬಿಕೆ. ಹೊಸ ಸರ್ಕಾರದ ಜನರು ಬಂದು ಹಳೆಯ ಓಲೆಗಳನ್ನು ಕೇಳಿದರೆ ಗ್ರಾಮಸ್ಥರು ಅಂಜುವುದು ಸಹಜ. ಉಂಬಳಿ ಹೋಗುವುದೋ, ಕಂದಾಯ ಏರುವುದೋ ಎಂಬ ಶಂಕೆ. ಸಂಗ್ರಾಹಕರ ವರದಿಗಳಲ್ಲಿ ಈ ಅಂಜಿಕೆಯ ಪ್ರಸ್ತಾಪವುಂಟು. ಅದನ್ನು ಹೋಗಲಾಡಿಸಿದ್ದು ದೊರೆಯ ಅಪ್ಪಣೆಯಲ್ಲ. ಅದೇ ಮತಧರ್ಮದ, ಅದೇ ನುಡಿಯ ಮಧ್ಯವರ್ತಿ. ಜೈನ ಬಸದಿಯ ಗ್ರಂಥವನ್ನು ನೋಡಲು ಜೈನ ಪಂಡಿತನೇ ಹೋಗಬೇಕಾಗಿತ್ತು. ಧರ್ಮಯ್ಯನಿಂದ ಮೋಜಣಿಗೆ ಆದ ಲಾಭವು ಅವನ ಲಿಪಿಜ್ಞಾನ ಮಾತ್ರವಲ್ಲ, ಅವನಿಗಿದ್ದ ಪ್ರವೇಶವೂ ಹೌದು.

ಕೊರತೆಗಳೂ ಇದ್ದವು. ವೆಚ್ಚ ಹೆಚ್ಚೆಂಬ ಕಾರಣದಿಂದ ಮೇಲಿನವರು ಮೋಜಣಿಯ ಸಿಬ್ಬಂದಿಯನ್ನು ಕಡಿತಗೊಳಿಸಿದರು. ಲಂಡನ್ನಿನ ನಿರ್ದೇಶಕರಿಗೂ ಮೈಸೂರಿನ ಬಿಡಾರಕ್ಕೂ ನಡುವೆ ಪತ್ರವೊಂದು ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಬೇಕಾಗಿತ್ತು. ಐತಿಹಾಸಿಕ ಸಂಗ್ರಹಕ್ಕೆ ಮೆಕೆಂಜಿಯು ಬಹುಮಟ್ಟಿಗೆ ಕೈಯಿಂದಲೇ ಹಣ ಹಾಕಿದನು.

೪. ಹೆಸರಿನ ಪ್ರಶ್ನೆ

ಇನ್ನು ಫಲದ ವಿಚಾರ. ೧೮೦೭ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯು ಪ್ರಕಟಿಸಿದ ‘ಏಷಿಯಾಟಿಕ್ ರಿಸರ್ಚಸ್’ ಒಂಬತ್ತನೆಯ ಸಂಪುಟದಲ್ಲಿ ಜೈನರನ್ನು ಕುರಿತ ಲೇಖನವೊಂದಿದೆ. ‘ಮುದ್ಗೇರಿ’ ಎಂಬಂತೆ ಅಚ್ಚಾದ ಊರಿನ ಜೈನ ಪುರೋಹಿತನೊಬ್ಬನಿಂದ ಸಂಗ್ರಹಿಸಿದ್ದು, ಅನುವಾದಿಸಿದವನು ಬೊರ್ರಯ್ಯ, ಯಾರಿಗಾಗಿ ಎಂದರೆ ಮೇಜರ್ ಮೆಕೆಂಜಿಗಾಗಿ ಎಂದು ಅದರ ಶಿರೋನಾಮೆಯೇ ತಿಳಿಸುತ್ತದೆ. ಇದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮಾಡಿಸಿದವನಿಗೆ ಹೆಸರೂ ಪದವಿಯೂ ಉಂಟು. ಅನುವಾದಕನಿಗೆ ಹೆಸರು ಮತ್ತು ಜಾತಿ ಉಂಟು. ತಿಳಿದು ಹೇಳಿದವನಿಗೆ ಹೆಸರೇ ಇಲ್ಲ. ಮೂಲಕ್ಕೆ ಸಮೀಪವಾದಷ್ಟೂ ಹೆಸರು ಮಸುಕಾಗುತ್ತದೆ.

೧೮೧೬ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ವರ್ಣಚಿತ್ರವು ಪ್ರಸಿದ್ಧವಾದುದು. ಕೆಂಪು ಉಡುಪಿನ ಮೆಕೆಂಜಿಯ ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ. ಹಿಂದೆ ದೂರದಲ್ಲಿ ಗೊಮ್ಮಟನ ವಿಗ್ರಹ ಕಾಣುತ್ತದೆ. ಇವರಲ್ಲಿ ಓಲೆಗರಿಯನ್ನು ಹಿಡಿದವನು ಧರ್ಮಯ್ಯನೆಂದು ಗುರುತಿಸಲಾಗಿದೆ. ಅವನಿಗೆ ಚಿತ್ರದಲ್ಲಿ ಸ್ಥಾನ ದೊರೆಯಿತು, ಗ್ರಂಥದ ಮುಖಪುಟದಲ್ಲಿ ದೊರೆಯಲಿಲ್ಲ.

೧೮೨೧ರ ಮೇ ೮ರಂದು ಮೆಕೆಂಜಿಯು ಮೃತನಾದ ಮೇಲೆ ಅವನ ಸಂಗ್ರಹವನ್ನು ಸರ್ಕಾರವು ೧,೦೦,೦೦೦ ರೂಪಾಯಿಗಳಿಗೆ ಕೊಂಡುಕೊಂಡಿತು. ೧೮೨೮ರಲ್ಲಿ ಎಚ್. ಎಚ್. ವಿಲ್ಸನ್ ಅದರ ಸೂಚಿಯನ್ನು ಪ್ರಕಟಿಸಿದನು: ೧,೫೬೮ ಗ್ರಂಥಗಳು, ೮,೦೭೬ ಶಾಸನಗಳು, ೬,೨೧೮ ನಾಣ್ಯಗಳು. ಸಂಗ್ರಹವನ್ನು ಬಲ್ಲವನಾದ ಲಕ್ಷ್ಮಯ್ಯನು ಕೆಲಸವನ್ನು ತಾನೇ ಮುಂದುವರಿಸಲು ಅನುಮತಿ ಕೇಳಿದಾಗ, ಏಷಿಯಾಟಿಕ್ ಸೊಸೈಟಿಯ ಅಭಿಪ್ರಾಯವು ಅವನಿಗೆ ಪ್ರತಿಕೂಲವಾಯಿತು. ಸಹಾಯಕನಾಗಿರಲು ಅವನು ಯೋಗ್ಯ, ನಾಯಕನಾಗಲು ಅಲ್ಲ ಎಂಬುದೇ ೧೮೩೬ರ ಆ ತೀರ್ಪಿನ ತಾತ್ಪರ್ಯ. ಮೂರು ದಶಕಗಳ ಕಾಲ ಎಳೆಗಳನ್ನೆಲ್ಲ ಹಿಡಿದಿದ್ದವನ ವಿಷಯದಲ್ಲಿ ಹೀಗೆ ಹೇಳಿದುದು ನ್ಯಾಯವೆಂದು ನಮಗೆ ತೋರುವುದಿಲ್ಲ.

೫. ದೇವಚಂದ್ರನ ಉತ್ತರ

ಇಷ್ಟಕ್ಕೇ ಕಥೆಯು ಮುಗಿದಿದ್ದರೆ ಇದು ಕೇವಲ ಅನ್ಯಾಯದ ವೃತ್ತಾಂತವಾಗುತ್ತಿತ್ತು. ಆದರೆ ಮಲೆಯೂರಿನಲ್ಲಿ ಇನ್ನೊಬ್ಬನಿದ್ದನು. ಊರಿನ ಪಕ್ಕದ ಕನಕಗಿರಿಯು ಪೂಜ್ಯಪಾದರ ಹೆಸರಿನೊಡನೆ ಕೂಡಿದ ಪ್ರಾಚೀನ ಜೈನಕ್ಷೇತ್ರ. ಅಲ್ಲಿಯ ಪಂಡಿತ ದೇವಚಂದ್ರನು (೧೭೭೦–೧೮೪೧), ಮೆಕೆಂಜಿಯು ೧೮೦೪ರಲ್ಲಿ ಕನಕಗಿರಿಗೆ ಬಂದುದನ್ನೂ, ಸ್ಥಳದ ಪೂರ್ವವೃತ್ತಾಂತವನ್ನು ವಿಚಾರಿಸಿದುದನ್ನೂ, ತಾನು ಅವನ ಬಿಡಾರದಲ್ಲಿ ಕೆಲಕಾಲ ಇದ್ದುದನ್ನೂ ತನ್ನ ‘ರಾಜಾವಳೀಕಥೆ’ಯಲ್ಲಿ ತಾನೇ ಹೇಳಿಕೊಂಡಿದ್ದಾನೆ.

ಇಲ್ಲಿ ದೃಷ್ಟಿಯು ತಿರುಗಿದೆ. ಮೋಜಣಿಯ ಕಾಗದಗಳಲ್ಲಿ ಸ್ಥಳೀಯ ಪಂಡಿತನು ಮಾಹಿತಿಯನ್ನು ಕೊಡುವವನು. ‘ರಾಜಾವಳೀಕಥೆ’ಯಲ್ಲಿ ಪರಂಗಿಯ ಅಧಿಕಾರಿಯೇ ಕಥೆಯ ಒಂದು ಪ್ರಸಂಗ. ಹೊರಗಿನವನು ಕೇಳಿದ ಪ್ರಶ್ನೆಯನ್ನು ದೇವಚಂದ್ರನು ತನ್ನದಾಗಿ ಮಾಡಿಕೊಂಡು, ಹಲವು ದಶಕಗಳ ನಂತರ, ಮೈಸೂರು ಅರಮನೆಯ ದೇವೀರಮ್ಮಣ್ಣಿಯವರ ಆಶ್ರಯದಲ್ಲಿ, ಕನ್ನಡದಲ್ಲಿ, ತನ್ನ ಹೆಸರಿನಲ್ಲಿ ಉತ್ತರವನ್ನು ಬರೆದನು. ಅವನು ಹೇಳುವ ಪ್ರಾಚೀನ ಸಂಗತಿಗಳನ್ನೆಲ್ಲ ಚರಿತ್ರೆಯೆಂದು ನಂಬಲಾಗದು. ಐತಿಹ್ಯ ಮತ್ತು ಮತಾಭಿಮಾನಗಳು ಅಲ್ಲಿ ಬೆರೆತಿವೆ. ಆದರೂ ಆ ಬಳಗದೊಡನೆ ಕೂಡಿದ ಕನ್ನಡಿಗನೊಬ್ಬನು ಅದನ್ನು ತನ್ನ ಕಣ್ಣಿನಿಂದ ಕಂಡು ಬರೆದ ಮಾತುಗಳೆಂಬ ದೃಷ್ಟಿಯಿಂದ ಅವು ಬೆಲೆಯುಳ್ಳವು.

೬. ಉಪಸಂಹಾರ

ದೇಶಭಾಷೆಗಳನ್ನು ಮೀರಿದ ಕಾರ್ಯವೊಂದಕ್ಕೆ ಏಕರೂಪದ ಪ್ರಶ್ನೆ, ನಿಯತವಾದ ವರದಿ ಮತ್ತು ನಂಬಿಕೆಯ ಮಧ್ಯವರ್ತಿ ಈ ಮೂರೂ ಬೇಕೆಂಬುದು ಮೇಲಿನ ವಿಚಾರದಿಂದ ಸ್ಪಷ್ಟವಾಗುತ್ತದೆ. ಮೆಕೆಂಜಿಯು ಇವುಗಳನ್ನು ಬಲ್ಲವನಾಗಿದ್ದನು. ಸಹಾಯಕರ ಋಣವನ್ನೂ ಅವನು ಮರೆಯಲಿಲ್ಲ. ಆದರೆ ಅವನ ಕೃತಜ್ಞತೆಯು ಒಬ್ಬನ ಗುಣವಾಗಿ ಉಳಿಯಿತೇ ಹೊರತು ವ್ಯವಸ್ಥೆಯ ನಿಯಮವಾಗಲಿಲ್ಲ. ಆದ್ದರಿಂದಲೇ ಅವನು ಹೋದೊಡನೆ ಲಕ್ಷ್ಮಯ್ಯನ ಸ್ಥಾನವೂ ಹೋಯಿತು. ಇಂದು ದೂರದೇಶಗಳ ಜನರೊಡನೆ ಕೂಡಿ ದುಡಿಯುವವರು ಇದರಿಂದ ತಿಳಿಯಬೇಕಾದ ಪಾಠವಿದೆ: ಯಾರ ತಿಳಿವಳಿಕೆಯಿಂದ ಕೆಲಸವಾಯಿತೋ ಅವರ ಹೆಸರು, ಕೆಲಸದೊಡನೆಯೇ ದಾಖಲೆಗೆ ಸೇರಬೇಕು, ಯಜಮಾನನ ಒಳ್ಳೆಯತನಕ್ಕೆ ಅದನ್ನು ಬಿಡಬಾರದು.

ನಮ್ಮ ವಿದ್ಯಾರ್ಥಿಗಳಿಗೆ ಇನ್ನೊಂದು ಕರ್ತವ್ಯವೂ ಇದೆ. ಮೆಕೆಂಜಿಯ ಸಂಗ್ರಹದ ದೇಶಭಾಷಾ ಗ್ರಂಥಗಳಲ್ಲಿ ಬಹುಪಾಲು ಚೆನ್ನೈಯಲ್ಲಿವೆ. ಇಂಗ್ಲಿಷ್ ಕಾಗದಗಳೂ ನಕ್ಷೆಗಳೂ ಬಹುಮಟ್ಟಿಗೆ ಲಂಡನ್ನಿನಲ್ಲಿವೆ. ಆದರೆ ಶಾಸನಗಳು ಇಲ್ಲಿಯೇ ನಿಂತಿವೆ. ಬಿ. ಎಲ್. ರೈಸ್ ಸಂಪಾದಿಸಿ ೧೮೯೮ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಪಾಠಗಳು ದೊರೆಯುತ್ತವೆ. ಆ ಸಂಪುಟವನ್ನೂ ‘ರಾಜಾವಳೀಕಥೆ’ಯನ್ನೂ ಕೈಯಲ್ಲಿ ಹಿಡಿದು ಒಮ್ಮೆ ಮಲೆಯೂರಿನ ಬೆಟ್ಟವನ್ನೇರುವ ವಿದ್ಯಾರ್ಥಿಯು, ಧರ್ಮಯ್ಯನು ಓದಿದ ಅಕ್ಷರಗಳು ಎಂತಹವೆಂಬುದನ್ನು ತಾನೇ ಕಾಣಬಹುದು. ಊರಿನ ಹಿರಿಯರನ್ನು ಮಾತನಾಡಿಸಿ ಟಿಪ್ಪಣಿ ಮಾಡಿಕೊಂಡಲ್ಲಿ, ಹೇಳಿದವರ ಹೆಸರನ್ನು ಮೊದಲು ಬರೆದುಕೊಳ್ಳಲಿ ಎಂಬುದಷ್ಟೇ ನಮ್ಮ ಸೂಚನೆ.